ಸಹಾಯ ಬೇಕು: ಅಮ್ಮನ ಜೊತೆ ಚಿಚೆನ್ ಇಟ್ಜಾ, ಯಾವ ದಿನ ಹೋಗಲಿ?

ಎಲ್ಲರಿಗೂ ನಮಸ್ಕಾರ. ನಾವು ಡಲ್ಲಾಸ್‌ನಲ್ಲಿದ್ದೇವೆ. ತಿಪಟೂರಿನಿಂದ ಬಂದಿರುವ ಅಮ್ಮನ ಜೊತೆ ಮಾರ್ಚ್ 18ರಿಂದ ನಾಲ್ಕು ದಿನ ಮೆಕ್ಸಿಕೋದ ಕಾನ್‌ಕುನ್‌ನಲ್ಲಿ ಇರುತ್ತೇವೆ. ಅಮ್ಮನಿಗೆ 70 ವರ್ಷ, ಮಂಡಿನೋವು ಬೇರೆ.

ಚಿಚೆನ್ ಇಟ್ಜಾದಲ್ಲಿ ಅಲ್ಲಿನ ಪ್ರಾಚೀನ ಮಾಯನ್ ಜನ ಕಟ್ಟಿದ ಆ ದೊಡ್ಡ ಪಿರಮಿಡ್ಡಿನ ವಿಷಯ ಹೇಳಿದಾಗಿನಿಂದ ಅವರಿಗೆ ಅದೇ ಧ್ಯಾನ. ನಾಲ್ಕೂ ಕಡೆ 91 ಮೆಟ್ಟಿಲು, ಮೇಲಿನ ಕಟ್ಟೆ ಸೇರಿದರೆ 365. ಕ್ಯಾಲೆಂಡರ್ ಹಿಂದೆ ಪೆನ್ಸಿಲ್‌ನಲ್ಲಿ ಬರೆದು ಕೂಡಿ ನೋಡಿದರು, ಸರಿಬಂದಾಗ ಮುಖ ಅರಳಿತು. ಹತ್ತಲು ಬಿಡುವುದಿಲ್ಲ ಅಂದರೂ ಬೇಸರವಿಲ್ಲ. ಮಾರ್ಚ್ 20ರ ಸುಮಾರಿಗೆ ಇಳಿಬಿಸಿಲಲ್ಲಿ ಉತ್ತರದ ಮೆಟ್ಟಿಲ ಪಕ್ಕ ಹಾವು ಹರಿದು ಇಳಿದಂತೆ ನೆರಳು ಬೀಳುತ್ತದಲ್ವಾ, ಅದನ್ನು ಕಣ್ಣಾರೆ ನೋಡಬೇಕಂತೆ.

ಎರಡು ಟೂರ್‌ನವರಿಗೆ ಫೋನ್ ಮಾಡಿದೆ. ಇಬ್ಬರ ಬಸ್ಸೂ ನೆರಳು ಬೀಳುವ ಮೊದಲೇ ವಾಪಸ್ ಹೊರಡುತ್ತದೆ. ಒಂದು ಕಡೆಗೇ ಸುಮಾರು 200 ಕಿ.ಮೀ., ಒಂದೇ ದಿನ ಹೋಗಿ ಬರುವುದು ಅಮ್ಮನಿಗೆ ಜಾಸ್ತಿಯಾಗುತ್ತದೆ. ಅದಕ್ಕೆ ಹತ್ತಿರದ ವಯಾಡೊಲಿಡ್ ಊರಲ್ಲಿ ಒಂದು ರಾತ್ರಿ ಉಳಿಯಲು ರೂಮ್ ಹಿಡಿದಿದ್ದೇವೆ. ಅಲ್ಲಿ ಗಡಿಯಾರ ಕಾನ್‌ಕುನ್‌ಗಿಂತ ಒಂದು ಗಂಟೆ ಹಿಂದೆ, ಅದೂ ಲೆಕ್ಕಕ್ಕೆ ತೆಗೆದುಕೊಂಡಾಯಿತು.

ಸಿಕ್ಕಿಹಾಕಿಕೊಂಡಿರುವುದು ದಿನದ ವಿಷಯದಲ್ಲಿ. 20ಕ್ಕೆ ವಿಪರೀತ ಜನ ಸೇರುತ್ತಾರೆ. ಹಿಂದಿನ ಮುಂದಿನ ದಿನಗಳಲ್ಲೂ ನೆರಳು ಕಾಣುತ್ತದೆ. ವಯಸ್ಸಾದವರ ಜೊತೆ ಆ ಸಮಯದಲ್ಲಿ ಹೋಗಿಬಂದವರು ದಯವಿಟ್ಟು ಹೇಳಿ: 19ಕ್ಕೇ ಹೋದರೆ ಹಾವಿನ ಆಕಾರ ಪೂರ್ತಿ ಕಾಣುತ್ತದಾ? ಉತ್ತರದ ಮೆಟ್ಟಿಲು ಕಾಣುವ ಹಾಗೆ ಅಮ್ಮ ಒಂದು ಗಂಟೆ ಕೂರಲು ಮರದ ನೆರಳು ಎಲ್ಲಿ ಸಿಗುತ್ತದೆ?