ಜಾರ್ಜ್ ಬೂನ್ ಕುಟುಂಬದ ಕ್ವೇಕರ್ ದಾಖಲೆ: 7ನೇ ತಿಂಗಳು ಅಂದರೆ ಜುಲೈಯೋ, ಸೆಪ್ಟೆಂಬರೋ?

ಪ್ರಶ್ನೆ

ಇಂಗ್ಲೆಂಡಿನ ಡೆವನ್‌ನ ಬ್ರಾಡ್‌ನಿಂಚ್‌ನಿಂದ 1717ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದು ಓಲಿ ಎಂಬ ಕಾಡುಸೀಮೆಯಲ್ಲಿ ನೆಲೆಸಿದ ನೇಕಾರ ಜಾರ್ಜ್ ಬೂನ್ (ಅಮೆರಿಕದ ಹೆಸರಾಂತ ಗಡಿನಾಡ ಅನ್ವೇಷಕ ಡೇನಿಯಲ್ ಬೂನ್‌ನ ಅಜ್ಜ) ಅವರ ವಂಶಾವಳಿ ಜೋಡಿಸುತ್ತಿದ್ದೇನೆ. ಮೂರು ಕಡೆ ತೊಡಕು.

ಮಗ ಸ್ಕ್ವೈರ್ ಬೂನ್ ಮತ್ತು ಸಾರಾ ಮಾರ್ಗನ್ ಮದುವೆಗೆ ಒಂದು ವಂಶವೃಕ್ಷದಲ್ಲಿ 23 ಜುಲೈ 1720, ಇನ್ನೊಂದರಲ್ಲಿ 23 ಸೆಪ್ಟೆಂಬರ್ 1720 ಎಂದಿದೆ. ಡೇನಿಯಲ್ ಹುಟ್ಟಿದ್ದಕ್ಕೂ 22 ಅಕ್ಟೋಬರ್ 1734, 2 ನವೆಂಬರ್ 1734 ಎಂದು ಎರಡು ದಿನಾಂಕ. ಕೊನೆಯದು, 1748ರ ನಂತರ ಸ್ಕ್ವೈರ್ ಹೆಸರು ಕ್ವೇಕರರ (ಒಂದು ಕ್ರೈಸ್ತ ಪಂಥ) ಸಭೆಯ ಪುಸ್ತಕದಲ್ಲಿ ಕಾಣುವುದಿಲ್ಲ, ಹೆಂಡತಿಯದು ಇದೆ. ಆ ವರ್ಷ ತೀರಿಕೊಂಡರು ಎಂದು ಬರೆದುಕೊಳ್ಳಬಹುದೇ?

ಉತ್ತರ 1

ಮದುವೆ ಸೆಪ್ಟೆಂಬರ್‌ನದು. ಮೂಲದಲ್ಲಿರುವುದು 7ನೇ ತಿಂಗಳ 23. ಕ್ವೇಕರರು ಕ್ರೈಸ್ತೇತರ ದೇವತೆಗಳ ಹೆಸರು ಬೇಡವೆಂದು ತಿಂಗಳಿಗೂ ವಾರಕ್ಕೂ ಸಂಖ್ಯೆಯನ್ನೇ ಬಳಸುತ್ತಿದ್ದರು. ಭಾನುವಾರ ಅವರಿಗೆ ಮೊದಲ ದಿನ. 1752ಕ್ಕೆ ಮುಂಚೆ ಇಂಗ್ಲಿಷ್ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು, ಹಾಗಾಗಿ ಮಾರ್ಚ್ 1ನೇ ತಿಂಗಳು, ಫೆಬ್ರುವರಿ 12ನೆಯದು. ನೆನಪಿಡಲು ಸಪ್ತ, ಅಷ್ಟ, ನವ, ದಶ ಸಾಕು: ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್. 1752ರ ಜನವರಿಯಿಂದ ಜನವರಿಯೇ 1ನೇ ತಿಂಗಳು.

ಡೇನಿಯಲ್‌ನ ಎರಡೂ ದಿನಾಂಕ ಸರಿ. 22 ಅಕ್ಟೋಬರ್ ಹಳೆಯ ಜೂಲಿಯನ್ ಪಂಚಾಂಗದ ಲೆಕ್ಕ, ಅದಕ್ಕೆ 11 ದಿನ ಕೂಡಿಸಿದರೆ ಈಗಿನ ಗ್ರೆಗೋರಿಯನ್ ಲೆಕ್ಕದ 2 ನವೆಂಬರ್. 1752ರಲ್ಲಿ ಸೆಪ್ಟೆಂಬರ್ 2ರ ಮರುದಿನವನ್ನೇ 14 ಎಂದು ಎಣಿಸಿ ಈ ಅಂತರ ತೆಗೆದರು. 1700ರ ಫೆಬ್ರುವರಿವರೆಗಿನ ದಿನಾಂಕಕ್ಕಾದರೆ ಕೂಡಿಸಬೇಕಾದ್ದು 10 ದಿನ.

ನಿಜವಾದ ಪೀಕಲಾಟ ಇರುವುದು ಜನವರಿಯಿಂದ ಮಾರ್ಚ್ 24ರವರೆಗಿನ ನಮೂದುಗಳಲ್ಲಿ. 12ನೇ ತಿಂಗಳ 10, 1718 ಎಂದರೆ ನಮ್ಮ ಎಣಿಕೆಯ 1719ರ ಫೆಬ್ರುವರಿ. 1718/19 ಎಂದೇ ಬರೆದುಕೊಳ್ಳಿ. 1ನೇ ತಿಂಗಳಲ್ಲಿ ಇನ್ನೂ ಗೋಜಲು: ಕೆಲವು ಗುಮಾಸ್ತರು ಮಾರ್ಚ್ 1ಕ್ಕೇ ಇಸವಿ ಬದಲಿಸುತ್ತಿದ್ದರು, ಕೆಲವರು 25ಕ್ಕೆ. ಪುಸ್ತಕದ ಹಿಂದುಮುಂದಿನ ಪುಟ ನೋಡದೆ ತೀರ್ಮಾನವಾಗುವುದಿಲ್ಲ. ಇದನ್ನು ತಪ್ಪಿದರೆ ಮದುವೆಗೆ ಮುಂಚೆಯೇ ಮಗು ಹುಟ್ಟಿದಂತೆ ಕಾಣುತ್ತದೆ!

ಮೂಲದಲ್ಲಿ ಇದ್ದದ್ದನ್ನು ಇದ್ದ ಹಾಗೇ ಒಂದು ಅಂಕಣದಲ್ಲಿ ಇಡಿ, ಪರಿವರ್ತಿಸಿದ್ದು ಪಕ್ಕದಲ್ಲಿರಲಿ. ಇಲ್ಲದಿದ್ದರೆ ಒಮ್ಮೆ ಪರಿವರ್ತಿಸಿದ್ದನ್ನು ಇನ್ನೊಬ್ಬರು ಮತ್ತೆ ಪರಿವರ್ತಿಸುತ್ತಾರೆ.

ಉತ್ತರ 2

ಸ್ಕ್ವೈರ್ 1748ರಲ್ಲಿ ಸತ್ತಿಲ್ಲ. ಓಲಿಯ ಕ್ವೇಕರರ ಎಕ್ಸೆಟರ್ ಮಾಸಿಕ ಸಭೆ (ತಿಂಗಳಿಗೊಮ್ಮೆ ಸೇರಿ ವ್ಯವಹಾರ ನೋಡುವ ಸ್ಥಳೀಯ ಸಂಘ) ಅವರನ್ನು ಸದಸ್ಯತ್ವದಿಂದ ತೆಗೆದುಹಾಕಿತು. 1742ರಲ್ಲಿ ಮಗಳು ಸಾರಾ ಕ್ವೇಕರನಲ್ಲದವನನ್ನು ಮದುವೆಯಾದಾಗ ತಪ್ಪೊಪ್ಪಿಕೊಂಡು ಒಳಗುಳಿದಿದ್ದರು. 1747ರಲ್ಲಿ ಮಗ ಇಸ್ರೇಲ್ ಕೂಡ ಹೊರಗೆ ಮದುವೆಯಾದ. ಈ ಸಲ ತಂದೆ ಬಗ್ಗಲಿಲ್ಲ. ಇದನ್ನು ನಮ್ಮ 'ಬಹಿಷ್ಕಾರ'ದ ಅರ್ಥದಲ್ಲಿ ಓದಬೇಡಿ. ಆರಾಧನೆಗೆ ಬಂದು ಕೂರಲು ತಡೆಯಿರಲಿಲ್ಲ, ವ್ಯವಹಾರದ ಸಭೆಯಲ್ಲಿ ಮಾತ್ರ ಜಾಗವಿಲ್ಲ. ಹೆಂಡತಿಯ ಸದಸ್ಯತ್ವಕ್ಕೆ ಧಕ್ಕೆಯಿಲ್ಲ, ಅದಕ್ಕೇ ಅವರ ಹೆಸರು ಮುಂದುವರಿದಿದೆ.

ಇಂಥ ಪ್ರಕರಣ ಒಂದೇ ಪುಟದಲ್ಲಿ ಮುಗಿಯುವುದಿಲ್ಲ. ದೂರು, ಮಾತಾಡಿಸಲು ಇಬ್ಬರ ನೇಮಕ, ಅವರ ವರದಿ, ಮುಂದೂಡಿಕೆ, ಕೊನೆಗೆ ತಪ್ಪೊಪ್ಪಿಗೆ ಪತ್ರ ಅಥವಾ ಹೊರಹಾಕುವ ಪತ್ರ. ತಿಂಗಳುಗಟ್ಟಲೆ ಎಳೆಯಬಹುದು, ಸೂಚಿಯಲ್ಲಿ ಸಿಕ್ಕ ಒಂದು ಪುಟಕ್ಕೆ ನಿಲ್ಲದೆ ಆಚೀಚೆಯ ನಡಾವಳಿಯನ್ನೂ ಓದಿ.

ಮದುವೆಯೂ ಹಾಗೆಯೇ. ಜೋಡಿ ಸಾಮಾನ್ಯವಾಗಿ ಎರಡು ಮಾಸಿಕ ಸಭೆಗಳಲ್ಲಿ ಉದ್ದೇಶ ತಿಳಿಸಬೇಕು, ನಡುವೆ ಬೇರೆ ನಂಟಿನ ಮಾತು ಇಲ್ಲವೆಂದು ವಿಚಾರಣೆ, ಮದುವೆಯ ನಂತರ 'ಕ್ರಮವಾಗಿ ನಡೆಯಿತು' ಎಂಬ ವರದಿ. ಅಂದರೆ ಒಂದು ಮದುವೆಗೆ ಮೂರು ನಮೂದು, ಜೊತೆಗೆ ಪ್ರಮಾಣಪತ್ರದ ನಕಲು. ಅದಕ್ಕೆ ಬಂದವರೆಲ್ಲ ಸಹಿ ಹಾಕುತ್ತಿದ್ದರು. ಬಂಧುಗಳ ಸಹಿ ಸಾಮಾನ್ಯವಾಗಿ ಬಲಗಡೆ, ವಧೂವರರ ಹೆಸರಿನ ಕೆಳಗೆ. ವಂಶಾವಳಿಗೆ ಇದಕ್ಕಿಂತ ಒಳ್ಳೆಯ ಕಾಗದ ಇಲ್ಲ. ಆದರೆ ಆ ಸಾಲಿನಲ್ಲಿದ್ದಾರೆ ಎಂಬುದಷ್ಟರಿಂದ ಯಾವ ಸಂಬಂಧವೆಂದು ಹೇಳಲಾಗದು.

ಮಹಿಳೆಯರ ಸಭೆಯ ನಡಾವಳಿ ಬೇರೆ ಪುಸ್ತಕ. ಹೆಚ್ಚಿನವರು ಅದನ್ನು ಬಿಟ್ಟೇಬಿಡುತ್ತಾರೆ.

ಉತ್ತರ 3

ಊರಿನ ಹೆಸರು ಹಿಡಿದು ಹುಡುಕಬೇಡಿ, ಮಾಸಿಕ ಸಭೆ ಹಿಡಿಯಿರಿ; ಪುಸ್ತಕ ಇಡುತ್ತಿದ್ದದ್ದು ಅದು. ಜಾರ್ಜ್ ಬೂನ್ ಡೆವನ್‌ನ ಕಲಂಪ್ಟನ್ ಸಭೆಯಿಂದ ತಂದ ಸದಸ್ಯತ್ವದ ಪತ್ರವನ್ನು ಪೆನ್ಸಿಲ್ವೇನಿಯಾದ ಗ್ವಿನೆಡ್ ಸಭೆಯಲ್ಲಿ ಒಪ್ಪಿಸಿದ್ದು 1717ರ 10ನೇ ತಿಂಗಳ 31ರಂದು (ಡಿಸೆಂಬರ್, ಅಕ್ಟೋಬರ್ ಅಲ್ಲ). ಓಲಿಗೆ ಸ್ವಂತ ಮಾಸಿಕ ಸಭೆ ಬಂದದ್ದು 1737ರಲ್ಲಿ, 1742ರಲ್ಲಿ ಅದರ ಹೆಸರು ಎಕ್ಸೆಟರ್ ಆಯಿತು. ಆದ್ದರಿಂದ ಓಲಿಯಲ್ಲಿ ಬಾಳಿದವರ 1737ರ ಹಿಂದಿನ ದಾಖಲೆಗೆ ಗ್ವಿನೆಡ್ ಪುಸ್ತಕ ಬೇಕು. ಫಿಲಡೆಲ್ಫಿಯಾ ವಾರ್ಷಿಕ ಸಭೆಗೆ ಸೇರಿದ ಹಳೆಯ ಪುಸ್ತಕಗಳು ಸ್ವಾರ್ಥ್‌ಮೋರ್ ಮತ್ತು ಹ್ಯಾವರ್‌ಫರ್ಡ್ ಕಾಲೇಜುಗಳಲ್ಲಿವೆ. ಇಂಗ್ಲೆಂಡಿನ ರಿಜಿಸ್ಟರುಗಳು ಕ್ಯೂನ ರಾಷ್ಟ್ರೀಯ ದಫ್ತರದಲ್ಲಿ, ಆರ್‌ಜಿ 6 ಸರಣಿ. ಹಿನ್‌ಶಾ ಅವರ ಕ್ವೇಕರ್ ವಂಶಾವಳಿ ಕೋಶದ ಸಂಪುಟ 2 ನೋಡಿ ಹೆಸರಿಲ್ಲ ಎಂದು ಕೈಬಿಡಬೇಡಿ, ಅದರಲ್ಲಿ ಪೆನ್ಸಿಲ್ವೇನಿಯಾದ ಪಾಲು ಫಿಲಡೆಲ್ಫಿಯಾ ಮತ್ತು ಫಾಲ್ಸ್ ಸಭೆಗಳೆರಡೇ.

ಸರ್ಕಾರಿ ಕಾಗದಕ್ಕೆ ಬಂದರೆ, ಬರ್ಕ್ಸ್ ಕೌಂಟಿ ಹುಟ್ಟಿದ್ದೇ 1752ರಲ್ಲಿ. ಅಲ್ಲಿಯವರೆಗೆ ಓಲಿ ಫಿಲಡೆಲ್ಫಿಯಾ ಕೌಂಟಿ. ಜಾರ್ಜ್ ತೀರಿಕೊಂಡದ್ದು 1744ರಲ್ಲಿ, ಉಯಿಲಿಗೆ ಬರ್ಕ್ಸ್‌ನ ಕೇಂದ್ರವಾದ ರೆಡಿಂಗ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ. ವಸಾಹತಿನ ಒಡೆಯರಾದ ಪೆನ್ ಮನೆತನದಿಂದ ನೇರವಾಗಿ ಪಡೆದ ಜಮೀನಿಗೆ ವಾರಂಟ್ (ಅಳೆಯುವ ಆದೇಶ), ಸರ್ವೆ (ಅಳತೆ), ಪೇಟೆಂಟ್ (ಹಕ್ಕುಪತ್ರ) ಎಂಬ ಮೂರು ಹಂತದ ಕಾಗದ ಹ್ಯಾರಿಸ್‌ಬರ್ಗ್‌ನ ರಾಜ್ಯ ದಫ್ತರದಲ್ಲಿ ಸಿಗುತ್ತದೆ. ಸ್ಕ್ವೈರ್ 1730ರಲ್ಲಿ ಕೊಂಡ 250 ಎಕರೆಯಂಥದ್ದಕ್ಕೆ ಕೌಂಟಿಯ ಕ್ರಯಪತ್ರಗಳನ್ನೂ ನೋಡಬೇಕು.

ಪ್ರಶ್ನಿಸಿದವರು

ಸೆಪ್ಟೆಂಬರ್ ಎಂದು ತಿದ್ದಿಕೊಂಡೆ. ಹಾಗಾದರೆ ಸ್ಕ್ವೈರ್ ಸಮಾಧಿ ಎಕ್ಸೆಟರ್‌ನಲ್ಲೇ ಇರಬಹುದೇ?

ಉತ್ತರ 2

ಇಲ್ಲ. 1750ರಲ್ಲಿ ಕುಟುಂಬ ಪೆನ್ಸಿಲ್ವೇನಿಯಾ ಬಿಟ್ಟು ಉತ್ತರ ಕೆರೊಲಿನಾದ ಯಾಡ್ಕಿನ್ ಕಣಿವೆಗೆ ಹೋಯಿತು. ಸ್ಕ್ವೈರ್ 1765ರಲ್ಲಿ ಅಲ್ಲಿಯೇ ತೀರಿಕೊಂಡರು, ಮಾಕ್ಸ್‌ವಿಲ್‌ನ ಜಾಪ್ಪಾ ಸ್ಮಶಾನದಲ್ಲಿ ಹೆಸರು ಕೆತ್ತಿದ ಕಲ್ಲಿದೆ. ಆ ಕಾಲದ ಕ್ವೇಕರರು ಸಮಾಧಿಗೆ ಕಲ್ಲು ನೆಡುವುದನ್ನು ಆಡಂಬರ ಎನ್ನುತ್ತಿದ್ದರು, ಹಾಗಾಗಿ ಎಕ್ಸೆಟರ್‌ನಲ್ಲಿ ಜಾರ್ಜ್ ಹೆಸರಿನ ಕಲ್ಲು ಹುಡುಕುತ್ತಾ ಕೂರಬೇಡಿ.