ದಂತವೈದ್ಯರ ಮೇಲೆ ಡೆಂಟಲ್ ಕೌನ್ಸಿಲ್‌ಗೆ ದೂರು ಕೊಟ್ಟರೆ ಏನಾಗುತ್ತೆ?

ಪ್ರಶ್ನೆ: ಡಾಕ್ಟ್ರೇ, ಕೆಳದವಡೆಯ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿದ್ದೆ. ನೋವು ಹೋಗಲೇ ಇಲ್ಲ. ಬೇರೆ ಕಡೆ ಎಕ್ಸ್‌ರೇ ತೆಗೆಸಿದಾಗ, ಬೇರಿನೊಳಗೆ ಫೈಲ್ (ಬೇರಿನ ಒಳಗನ್ನು ಶುಚಿ ಮಾಡುವ ಸಲಕರಣೆ) ಮುರಿದು ತುಂಡು ಉಳಿದುಕೊಂಡಿದೆ ಅಂದರು. ಮೊದಲಿನ ಡಾಕ್ಟ್ರು ಈ ಬಗ್ಗೆ ಬಾಯೇ ಬಿಟ್ಟಿರಲಿಲ್ಲ. ಕೌನ್ಸಿಲ್‌ಗೆ ದೂರು ಕೊಟ್ಟರೆ ಅವರ ಲೈಸೆನ್ಸ್ ಹೋಗುತ್ತಾ? ನನ್ನ ದುಡ್ಡು ವಾಪಸ್ ಬರುತ್ತಾ?

ಉತ್ತರ: ಎರಡನೆಯದಕ್ಕೆ ಮೊದಲು ಹೇಳಿಬಿಡ್ತೀನಿ: ದುಡ್ಡು ಕೊಡಿಸುವುದು ಕೌನ್ಸಿಲ್ ಕೆಲಸವಲ್ಲ. ಈ ಡಾಕ್ಟ್ರು ಹಲ್ಲಿಗೆ ಕೈ ಹಾಕಲು ಯೋಗ್ಯರೇ ಅನ್ನುವುದನ್ನಷ್ಟೇ ಅದು ನೋಡುತ್ತೆ. ಪರಿಹಾರ ಬೇಕಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬೇಕು. ದುಡ್ಡು ಪಡೆದು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾನೂನಿನಡಿ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅಲ್ಲಿ ಸಾಮಾನ್ಯವಾಗಿ 2 ವರ್ಷದ ಗಡುವಿದೆ, ಮರೀಬೇಡಿ.

ಇನ್ನು ಲೈಸೆನ್ಸ್ ವಿಚಾರ. ಫೈಲ್ ಅಂದರೆ ಕೂದಲಿನಷ್ಟು ಸಣ್ಣ ತುದಿಯ ಲೋಹದ ಕಡ್ಡಿ. ಬಾಗಿದ ಬೇರಿನಲ್ಲಿ ತಿರುಗುವಾಗ ಎಷ್ಟೇ ಪಳಗಿದ ಕೈಯಲ್ಲೂ ಮುರಿಯಬಹುದು. ಕೌನ್ಸಿಲ್ ನನ್ನ ಅಭಿಪ್ರಾಯ ಕೇಳಿದರೆ, ಮುರಿದದ್ದೇ ತಪ್ಪು ಅಂತ ನಾನಂತೂ ಬರೆಯುವುದಿಲ್ಲ. ಆದರೆ ಮುರಿದದ್ದು ಗೊತ್ತಿದ್ದೂ ನಿಮಗೆ ಹೇಳಲಿಲ್ಲ, ಕೇಸ್ ಶೀಟ್‌ನಲ್ಲಿ ಬರೆಯಲಿಲ್ಲ ಅಂದರೆ ಅದು ಬೇರೆ ಮಾತು. ನಿಮ್ಮ ದೂರಿನ ತಿರುಳು ಅದೇ ಆಗಲಿ. 'ನೋವು ಹೋಗಲಿಲ್ಲ' ಅಂತಷ್ಟೇ ಬರೆದರೆ ಮೊದಲ ಹಂತದಲ್ಲೇ ಬಿದ್ದುಹೋಗಬಹುದು.

ಪ್ರಶ್ನೆ: ದೂರು ಕೊಟ್ಟ ಮೇಲೆ ಏನು ನಡೆಯುತ್ತೆ?

ಉತ್ತರ: ದೇಶಕ್ಕೊಂದು ನಿಯಮ, ಆದರೆ ದಾರಿ ಹೆಚ್ಚುಕಮ್ಮಿ ಒಂದೇ. ವಿಷಯ ತಮ್ಮ ವ್ಯಾಪ್ತಿಗೆ ಬರುತ್ತಾ ಅಂತ ನೋಡ್ತಾರೆ. ದೂರಿನ ಪ್ರತಿಯನ್ನು ಡಾಕ್ಟ್ರಿಗೆ ಕಳಿಸಿ ಉತ್ತರ ಕೇಳ್ತಾರೆ. ಕೇಸ್ ಶೀಟ್, ಎಕ್ಸ್‌ರೇ, ಒಪ್ಪಿಗೆ ಪತ್ರ ತರಿಸಿಕೊಂಡು ಇನ್ನೊಬ್ಬ ದಂತವೈದ್ಯರಿಂದ ಅಭಿಪ್ರಾಯ ಪಡೀತಾರೆ. ನನ್ನಂಥವರ ಕೆಲಸ ಇಲ್ಲಿ. ನಾವು ಮೊದಲು ನೋಡುವುದು ಚಿಕಿತ್ಸೆ ಮುಗಿದ ದಿನದ ಎಕ್ಸ್‌ರೇ. ಅದರಲ್ಲಿ ತುಂಡು ಬೆಳ್ಳಗೆ ಕಾಣ್ತಿದ್ದು, ಅದೇ ದಿನದ ಟಿಪ್ಪಣಿಯಲ್ಲಿ 'ತೊಂದರೆ ಇಲ್ಲ' ಅಂತಿದ್ದರೆ ಡಾಕ್ಟ್ರಿಗೆ ಉತ್ತರ ಹೇಳೋದು ಕಷ್ಟ.

ವಿಚಾರಣೆ ಆದ ಮೇಲೆ ಎಚ್ಚರಿಕೆ, ಷರತ್ತು, ಅಮಾನತು, ಕೊನೆಗೆ ನೋಂದಣಿಯಿಂದ ಹೆಸರು ತೆಗೆಯುವುದು (ನೀವು ಕೇಳಿದ ಲೈಸೆನ್ಸ್ ಹೋಗುವುದು ಅಂದರೆ ಇದೇ), ಹೀಗೆ ಮೆಟ್ಟಿಲುಗಳಿವೆ. ಉದಾಹರಣೆಗೆ, ಬ್ರಿಟನ್‌ನಲ್ಲಿ ಒಮ್ಮೆಗೆ ಹೆಚ್ಚೆಂದರೆ 12 ತಿಂಗಳ ಅಮಾನತು. ಹೆಸರು ತೆಗೆದರೆ ಮತ್ತೆ ಸೇರಿಸಿ ಅಂತ ಕೇಳಲು 5 ವರ್ಷ ಕಾಯಬೇಕು. ಒಂದೇ ಚಿಕಿತ್ಸೆ ಕೆಟ್ಟಿತು ಅಂತ ಹೆಸರು ಹೋಗುವುದು ಅಪರೂಪ. ಸುಳ್ಳು ದಾಖಲೆಗೆ ಮಾತ್ರ ಯಾವ ಕೌನ್ಸಿಲೂ ಮೃದುವಾಗಿರಲ್ಲ.

ಇನ್ನೊಬ್ಬರು: ಕ್ಲಿನಿಕ್‌ನವರು ದುಡ್ಡು ಕೊಡ್ತೀವಿ, ದೂರು ವಾಪಸ್ ತಗೊಳ್ಳಿ ಅಂದರೆ?

ಉತ್ತರ: ದುಡ್ಡಿನ ರಾಜಿ ನಿಮ್ಮಿಬ್ಬರದು. ವಿಷಯ ಗಂಭೀರ ಅನ್ನಿಸಿದರೆ, ದೂರುದಾರರು ಹಿಂದೆ ಸರಿದರೂ ಬ್ರಿಟನ್‌ನಂಥ ಕಡೆ ಕೌನ್ಸಿಲ್ ತನಿಖೆ ಮುಂದುವರಿಸಬಹುದು.

ಪ್ರಶ್ನೆ: ಹಾಗಾದ್ರೆ ಈಗ ನಾನು ಏನು ಮಾಡಲಿ?

ಉತ್ತರ: ಮೊದಲು ಹಲ್ಲಿಗೆ ಚಿಕಿತ್ಸೆ ಮಾಡಿಸಿಕೊಳ್ಳಿ, ಆದರೆ ಅದಕ್ಕೂ ಮುಂಚೆ ಈಗಿನ ಎಕ್ಸ್‌ರೇಯ ಪ್ರತಿ ನಿಮ್ಮ ಕೈಗೆ ಬರಲಿ. ತುಂಡು ಹೊರಬಂದ ಮೇಲೆ ಹಳೆಯ ಸ್ಥಿತಿಯನ್ನು ತೋರಿಸಲು ನಿಮ್ಮ ಕೈಯಲ್ಲಿ ಅದೊಂದೇ ಉಳಿಯೋದು. ಮೊದಲಿನ ಕ್ಲಿನಿಕ್‌ಗೆ ಬರವಣಿಗೆಯಲ್ಲೇ ದಾಖಲೆ ಕೇಳಿ. ಫೋನ್‌ನಲ್ಲಿ ಜಗಳ ಬೇಡ.