ಕ್ಲೈಂಟ್‌ನ ಹಳೆಯ ಡಬ್ಲ್ಯೂ-2 ಐಆರ್‌ಎಸ್‌ನಿಂದ ತೆಗೆಯಲು 2848 ಹಾಕಬೇಕಾ, 8821 ಸಾಕಾ?

ಕೇಳಿದವರು: ಈಚೆಗೆ ಎನ್‌ರೋಲ್ಡ್ ಏಜೆಂಟ್ ಆದವರು

ಎಲ್ಲರಿಗೂ ನಮಸ್ಕಾರ. ಇಎ (ಎನ್‌ರೋಲ್ಡ್ ಏಜೆಂಟ್, ಅಂದರೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಮುಂದೆ ಕ್ಲೈಂಟ್ ಪರ ನಿಲ್ಲಬಲ್ಲ ತೆರಿಗೆ ತಜ್ಞ) ಪರೀಕ್ಷೆ ಮುಗಿಸಿ ಅಮೆರಿಕದಲ್ಲಿ ಸ್ವಂತ ಪ್ರಾಕ್ಟೀಸ್ ಈಗಷ್ಟೇ ಶುರು ಮಾಡಿದ್ದೇನೆ. ಒಬ್ಬ ಕ್ಲೈಂಟ್ ಬಂದಿದ್ದಾರೆ. ಕೆಲವು ವರ್ಷಗಳಿಂದ ರಿಟರ್ನನ್ನೇ ಹಾಕಿಲ್ಲ. ನಡುವೆ ಎರಡು ಕಂಪನಿ ಬದಲಾಯಿಸಿದ್ದಾರೆ, ಅದರಲ್ಲಿ ಒಂದು ಮುಚ್ಚಿಹೋಗಿದೆ. ಕೈಯಲ್ಲಿ ಒಂದೂ ಡಬ್ಲ್ಯೂ-2 (ವರ್ಷದ ಸಂಬಳ, ಹಿಡಿದ ತೆರಿಗೆ ತೋರಿಸಿ ಕಂಪನಿ ಕೊಡುವ ಪತ್ರ) ಇಲ್ಲ. ಹೆಂಡತಿಯೂ ಕೆಲಸ ಮಾಡುತ್ತಿದ್ದರು, ಇಬ್ಬರದ್ದೂ ಸೇರಿಸಿ ಜಂಟಿ ರಿಟರ್ನ್ ಹಾಕಬೇಕು. ಪವರ್ ಆಫ್ ಅಟಾರ್ನಿ ಇದ್ದರೆ ಆದಾಯದ ದಾಖಲೆಯನ್ನು ಐಆರ್‌ಎಸ್‌ನಿಂದಲೇ ತೆಗೆಯಬಹುದು ಅಂತ ಗೊತ್ತು. ಆದರೆ ಪವರ್ ಆಫ್ ಅಟಾರ್ನಿಯ ಫಾರ್ಮ್ 2848 ಹಾಕಲಾ, ದಾಖಲೆ ನೋಡೋಕೆ ಮಾತ್ರ ಅನುಮತಿ ಕೊಡುವ ಫಾರ್ಮ್ 8821 ಸಾಕಾ? ಯಾವ ದಾರಿಯಲ್ಲಿ ಕಳಿಸಿದರೆ ಬೇಗ ಆಗುತ್ತೆ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ: ಎನ್‌ರೋಲ್ಡ್ ಏಜೆಂಟ್, ಟೆಕ್ಸಾಸ್

ದಾಖಲೆ ನೋಡೋಕೆ ಎರಡೂ ಫಾರ್ಮ್ ನಡೆಯುತ್ತೆ. 8821 ಕೊಟ್ಟರೆ ನೀವು ನೋಡಬಹುದು, ಅಷ್ಟೇ. 2848 ಕೊಟ್ಟರೆ ಕ್ಲೈಂಟ್ ಪರವಾಗಿ ವಾದ ಮಾಡಬಹುದು, ಕಂತು ಕೇಳಬಹುದು, ದಂಡ ಮನ್ನಾಕ್ಕೆ ಅರ್ಜಿ ಹಾಕಬಹುದು. ನಾನು ಮೊದಲು 8821 ಮಾತ್ರ ಹಾಕಿಸುತ್ತೇನೆ. ಎಷ್ಟು ವರ್ಷ ಬಾಕಿ, ಎಷ್ಟು ಆದಾಯ ಅಂತ ಗೊತ್ತಾಗುವ ಮೊದಲೇ ಪ್ರತಿನಿಧಿ ಅಂತ ಸಹಿ ಹಾಕಿ ಕೂರೋದು ಯಾಕೆ? 8821ಕ್ಕೆ ಕ್ಲೈಂಟ್ ಸಹಿ ಒಂದಿದ್ದರೆ ಸಾಕು, ನಿಮ್ಮ ಸಹಿ ಬೇಡ. ಈಗಾಗಲೇ ನೋಟಿಸ್ ಬಂದಿದ್ದರೆ, ಬಾಕಿ ಇರೋದು ಖಚಿತ ಆಗಿದ್ದರೆ ಮಾತ್ರ ನೇರವಾಗಿ 2848.

2848 ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: "ಬೇರೆ ಯಾರಿಗಾದರೂ ಪವರ್ ಕೊಟ್ಟಿದ್ದೀರಾ?" ಅದೇ ತೆರಿಗೆ, ಅದೇ ವರ್ಷಕ್ಕೆ ಹೊಸ 2848 ಹೋದರೆ ಹಳೆಯದು ತಾನಾಗಿ ರದ್ದಾಗುತ್ತೆ. ಹಳೆಯದು ಉಳಿಯಬೇಕಾದರೆ 6ನೇ ಸಾಲಿನಲ್ಲಿ ಟಿಕ್ ಹಾಕಿ ಅದರ ಪ್ರತಿ ಲಗತ್ತಿಸಬೇಕು. ಕ್ಲೈಂಟ್ ಒಬ್ಬ ವಕೀಲರನ್ನೂ ಇಟ್ಟುಕೊಂಡಿದ್ದರೆ, ನೀವು ಗೊತ್ತಿಲ್ಲದೆ ಅವರನ್ನು ಹೊರಗೆ ಹಾಕಿದ ಹಾಗಾಗುತ್ತೆ. 8821 ಹಾಕಿದರೆ ಹಳೆಯ 2848ಗೆ ಏನೂ ಆಗಲ್ಲ.

ಗಂಡ ಹೆಂಡತಿ ಜಂಟಿ ರಿಟರ್ನ್ ಹಾಕಿದರೂ ಫಾರ್ಮ್ ಮಾತ್ರ ಬೇರೆ ಬೇರೆ. ಅವರ ಡಬ್ಲ್ಯೂ-2 ಅವರ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೆಳಗೆ, ಇವರದ್ದು ಇವರ ನಂಬರ್ ಕೆಳಗೆ. ಒಬ್ಬರದ್ದು ಮಾತ್ರ ತೆಗೆದು ರಿಟರ್ನ್ ತಯಾರಿಸಿದರೆ ಅರ್ಧ ಆದಾಯ ಬಿಟ್ಟುಹೋಗುತ್ತೆ. ಆಮೇಲೆ ಆದಾಯ ತಾಳೆಯಾಗಿಲ್ಲ ಅನ್ನುವ ಸಿಪಿ 2000 ನೋಟಿಸ್ ಬಂದಾಗ ಪರದಾಡಬೇಕು.

ವರ್ಷದ ಕಾಲಂನಲ್ಲಿ "ಎಲ್ಲಾ ವರ್ಷ" ಅಂತ ಬರೆಯಬೇಡಿ, ವಾಪಸ್ ಬರುತ್ತೆ. 2018ರಿಂದ 2024ರವರೆಗೆ ಅಂತ ಸ್ಪಷ್ಟವಾಗಿ ಬರೆಯಿರಿ. ಮುಂದಿನ ವರ್ಷಗಳನ್ನು ಸೇರಿಸೋದಾದರೆ, ಫಾರ್ಮ್ ತಲುಪಿದ ವರ್ಷ ಮುಗಿದ ಮೇಲಿನ 3 ವರ್ಷದವರೆಗೆ ಮಾತ್ರ ದಾಖಲಾಗುತ್ತೆ. ಕ್ಲೈಂಟ್ ಕೊನೆಯದಾಗಿ ರಿಟರ್ನ್ ಹಾಕಿದ ವರ್ಷವನ್ನೂ ಸೇರಿಸಿಕೊಳ್ಳಿ. ಷೇರು ನಷ್ಟ ಏನಾದರೂ ಮುಂದಕ್ಕೆ ಬಂದಿದ್ದರೆ ಅದರ ಸುಳಿವು ಆ ವರ್ಷದ ರಿಟರ್ನ್ ಟ್ರಾನ್ಸ್‌ಕ್ರಿಪ್ಟ್‌ನಲ್ಲೇ (ಐಆರ್‌ಎಸ್ ಬಳಿ ಇರುವ ದಾಖಲೆಯ ಪ್ರತಿ) ಸಿಗೋದು.

ನಿಮ್ಮದು ಇದೇ ಮೊದಲ ಫಾರ್ಮ್ ಆದರೆ ಕ್ಯಾಫ್ ನಂಬರ್ (ಇಂಥ ಅನುಮತಿ ಫಾರ್ಮ್‌ಗಳಿಗಾಗಿ ಐಆರ್‌ಎಸ್ ನಿಮಗೆ ಕೊಡುವ ಗುರುತಿನ ನಂಬರ್) ಇರಲ್ಲ. ಆ ಜಾಗದಲ್ಲಿ "ಇಲ್ಲ" ಅನ್ನುವ ಅರ್ಥದ ಇಂಗ್ಲಿಷ್ ಪದ ಬರೆದು ಕಳಿಸಿ, ಅವರೇ 9 ಅಂಕಿಯ ನಂಬರ್ ಕೊಟ್ಟು ಅಂಚೆಯಲ್ಲಿ ತಿಳಿಸುತ್ತಾರೆ. ಪಿಟಿನ್ (ರಿಟರ್ನ್ ತಯಾರಿಸುವವರ ನಂಬರ್) ಬೇರೆ, ಇದು ಬೇರೆ.

ಉತ್ತರ: ಸಿಪಿಎ (ಅಮೆರಿಕದ ಲೆಕ್ಕಪರಿಶೋಧಕರು), ನ್ಯೂ ಜೆರ್ಸಿ

ಯಾವ ದಾರಿ ಬೇಗ ಅಂದರೆ, ಟ್ಯಾಕ್ಸ್ ಪ್ರೊ ಅಕೌಂಟ್ (ತೆರಿಗೆ ವೃತ್ತಿಯವರಿಗೆ ಐಆರ್‌ಎಸ್ ಕೊಡುವ ಆನ್‌ಲೈನ್ ಖಾತೆ). 2021ರಲ್ಲಿ ಬಂತು. ನೀವು ಅಲ್ಲಿಂದ ಕೋರಿಕೆ ಕಳಿಸ್ತೀರಿ, ಕ್ಲೈಂಟ್ ತಮ್ಮ ಐಆರ್‌ಎಸ್ ಆನ್‌ಲೈನ್ ಖಾತೆಯಲ್ಲಿ ಒಪ್ಪಿಗೆ ಒತ್ತುತ್ತಾರೆ. ಸಾಮಾನ್ಯವಾಗಿ ಆಗಲೇ ದಾಖಲಾಗಿಬಿಡುತ್ತೆ. ಫ್ಯಾಕ್ಸ್ ಮಾಡಿದರೂ, ವೆಬ್‌ಸೈಟ್‌ನಲ್ಲಿ ಅಪ್‌ಲೋಡ್ ಮಾಡಿದರೂ ಒಬ್ಬ ನೌಕರ ಅದನ್ನು ಕೂತು ಓದಲೇಬೇಕು. ಅಪ್‌ಲೋಡ್ ಮಾಡಿದ್ದು ಮುಂದೆ ಹೋಗುತ್ತೆ ಅಂದುಕೊಂಡರೆ ತಪ್ಪು, ಎರಡೂ ಒಂದೇ ಸರದಿಯಲ್ಲಿ ನಿಲ್ಲುತ್ತವೆ. ಸೀಸನ್‌ನಲ್ಲಂತೂ ಕೇಳೋದೇ ಬೇಡ.

ಸಹಿ ವಿಷಯದಲ್ಲಿ ಜಾಸ್ತಿ ಫಾರ್ಮ್ ಬಿದ್ದುಹೋಗೋದು ಹೀಗೆ: ಎಲೆಕ್ಟ್ರಾನಿಕ್ ಸಹಿ ಹಾಕಿಸಿ ಫ್ಯಾಕ್ಸ್ ಮಾಡುತ್ತಾರೆ. ಫ್ಯಾಕ್ಸ್ ಮತ್ತು ಅಂಚೆಗೆ ಪೆನ್ನಿನ ಸಹಿಯೇ ಬೇಕು. ಎಲೆಕ್ಟ್ರಾನಿಕ್ ಸಹಿ ಅಪ್‌ಲೋಡ್‌ಗೆ ಮಾತ್ರ.

ತೀರಾ ಅರ್ಜೆಂಟ್ ಇದ್ದರೆ ತೆರಿಗೆ ವೃತ್ತಿಯವರಿಗಾಗಿ ಐಆರ್‌ಎಸ್ ಇಟ್ಟಿರುವ ಪ್ರಾಕ್ಟಿಷನರ್ ಪ್ರಯಾರಿಟಿ ಲೈನ್‌ಗೆ ಫೋನ್ ಮಾಡಿ. ಮಾತಾಡುತ್ತಿರುವಾಗಲೇ ಸಹಿಯಾದ ಫಾರ್ಮನ್ನು ಆ ಅಧಿಕಾರಿಗೆ ಫ್ಯಾಕ್ಸ್ ಮಾಡಬಹುದು. ಟ್ರಾನ್ಸ್‌ಕ್ರಿಪ್ಟ್ ಮಾತ್ರ ನಿಮಗೆ ಫ್ಯಾಕ್ಸ್‌ನಲ್ಲಿ ಬರಲ್ಲ. 2019ರ ಜೂನ್ ಕೊನೆಗೆ ಅದನ್ನು ನಿಲ್ಲಿಸಿದರು. ಇ-ಸರ್ವಿಸಸ್ ಅನ್ನುವ ಐಆರ್‌ಎಸ್ ವೆಬ್ ಸೇವೆಯಲ್ಲಿರುವ ನಿಮ್ಮ ಸುರಕ್ಷಿತ ಮೇಲ್‌ಬಾಕ್ಸ್‌ಗೆ ಹಾಕುತ್ತಾರೆ. ಹಾಗಾಗಿ ಗುರುತು ಪರಿಶೀಲಿಸುವ ಐಡಿ ಡಾಟ್ ಮೀ ಮೂಲಕ ಇ-ಸರ್ವಿಸಸ್ ಲಾಗಿನ್ ಮೊದಲೇ ಮಾಡಿಟ್ಟುಕೊಳ್ಳಿ.

ಇನ್ನೊಂದು. ಟ್ರಾನ್ಸ್‌ಕ್ರಿಪ್ಟ್ ಎಳೆಯೋಕೆ ಬೇರೆ ಕಂಪನಿಯ ಸಾಫ್ಟ್‌ವೇರ್ ಬಳಸೋದಾದರೆ, ಫಾರ್ಮ್‌ನಲ್ಲಿ ಮಧ್ಯವರ್ತಿ ಸೇವೆಗೆ ಒಪ್ಪಿಗೆಯ ಬಾಕ್ಸ್ ಇದೆ. 2848ರಲ್ಲಿ ಅದು 5ಎ ಸಾಲು. ಅದನ್ನು ಟಿಕ್ ಮಾಡಿಸಿ.

ಉತ್ತರ: ಟ್ಯಾಕ್ಸ್ ಆಫೀಸಿನಲ್ಲಿ ರಿಟರ್ನ್ ತಯಾರಿಸುವವರು

ಮೇಲಿನ ಇಬ್ಬರೂ ಹೇಳದ ಒಂದು ಮಾತು. ವೇಜ್ ಆಂಡ್ ಇನ್‌ಕಮ್ ಟ್ರಾನ್ಸ್‌ಕ್ರಿಪ್ಟ್ (ಡಬ್ಲ್ಯೂ-2 ಮುಂತಾದವುಗಳ ಆದಾಯ ತೋರಿಸುವ ಪ್ರತಿ) ಎರಡು ಥರ ಬರುತ್ತೆ. ಮಾಮೂಲಿ ಪ್ರತಿಯಲ್ಲಿ ಕಂಪನಿ ಹೆಸರಿನ ಮೊದಲ ನಾಲ್ಕು ಅಕ್ಷರ, ಅದರ ತೆರಿಗೆ ಗುರುತಿನ ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತೆ. ಸಂಬಳ, ಹಿಡಿದ ತೆರಿಗೆ ಪೂರ್ತಿ ಇರುತ್ತೆ. ಆದರೆ ಇ-ಫೈಲ್ ಮಾಡುವಾಗ ಸಾಫ್ಟ್‌ವೇರ್ ಕಂಪನಿಯ ಪೂರ್ತಿ ನಂಬರ್ ಕೇಳುತ್ತೆ. ಕಂಪನಿಯೇ ಮುಚ್ಚಿಹೋಗಿದ್ದರೆ ಯಾರನ್ನು ಕೇಳ್ತೀರಿ? ಇ-ಸರ್ವಿಸಸ್‌ನ ಟ್ರಾನ್ಸ್‌ಕ್ರಿಪ್ಟ್ ಡೆಲಿವರಿ ಸಿಸ್ಟಂನಲ್ಲಿ ಮುಚ್ಚಿಡದ ಪ್ರತಿ ಬೇಕು ಅಂತ ಆರಿಸಿಕೊಳ್ಳಿ, ಎಲ್ಲಾ ಬರುತ್ತೆ.

ಇ-ಫೈಲ್ ಆಗೋದು ಈಗಿನ ವರ್ಷ ಮತ್ತು ಹಿಂದಿನ ಎರಡು ವರ್ಷ ಮಾತ್ರ. ಅದಕ್ಕೂ ಹಳೆಯದು ಕಾಗದದಲ್ಲೇ. ರಿಫಂಡ್ ಬರುವ ವರ್ಷ ಇದ್ದರೆ ಅದನ್ನು ಮೊದಲು ಮುಗಿಸಿ. ಗಡುವು ದಾಟಿ 3 ವರ್ಷ ಆಯಿತೆಂದರೆ ಸಾಮಾನ್ಯವಾಗಿ ಆ ದುಡ್ಡು ಹೋದಂತೆಯೇ.

ಉತ್ತರ: ಎನ್‌ರೋಲ್ಡ್ ಏಜೆಂಟ್, ಕ್ಯಾಲಿಫೋರ್ನಿಯಾ

ಟ್ರಾನ್ಸ್‌ಕ್ರಿಪ್ಟ್ ಬಂತು ಅಂತ ನೇರವಾಗಿ ಟೈಪ್ ಮಾಡೋಕೆ ಕೂರಬೇಡಿ. ಅದರಲ್ಲಿ ಇಲ್ಲದ್ದೇ ತಲೆನೋವು.

ರಾಜ್ಯದ ತೆರಿಗೆ ಇರಲ್ಲ. ಕ್ಯಾಲಿಫೋರ್ನಿಯಾಕ್ಕೆ ಎಷ್ಟು ಹಿಡಿದಿದ್ದರು ಅಂತ ಬೇಕಾದರೆ ವರ್ಷದ ಕೊನೆಯ ಪೇ ಸ್ಟಬ್ ಹುಡುಕಿಸಿ, ಇಲ್ಲವಾದರೆ ರಾಜ್ಯದ ಇಲಾಖೆಗೇ ಬೇರೆ ಪವರ್ ಹಾಕಿ ಕೇಳಬೇಕು. 2848 ಐಆರ್‌ಎಸ್‌ಗೆ ಮಾತ್ರ.

ಟೆಕ್ ಕಂಪನಿಯವರಾದರೆ ಆರ್‌ಎಸ್‌ಯು (ಸಂಬಳದ ಭಾಗವಾಗಿ ಕೊಡುವ ಕಂಪನಿ ಷೇರು) ಇದ್ದೇ ಇರುತ್ತೆ. ಮೊನ್ನೆ ನೋಡಿದ ಒಂದು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ 1099-ಬಿ (ಷೇರು ಮಾರಾಟದ ಬಗ್ಗೆ ಬ್ರೋಕರ್ ಕೊಡುವ ವರದಿ) ಸಾಲು ಹೀಗಿತ್ತು: ಮಾರಿದ ಮೊತ್ತ ದೊಡ್ಡದು, ಕೊಂಡ ಬೆಲೆ ಸೊನ್ನೆ. ಹಾಗೇ ಹಾಕಿದ್ದರೆ ಇಡೀ ಮೊತ್ತವೇ ಲಾಭ. ಆದರೆ ಷೇರು ಕೈಗೆ ಬಂದ ದಿನದ ಬೆಲೆ ಆಗಲೇ ಡಬ್ಲ್ಯೂ-2 ಸಂಬಳದಲ್ಲಿ ಸೇರಿ ತೆರಿಗೆ ಕಟ್ಟಾಗಿದೆ. ಬ್ರೋಕರ್ ಖಾತೆಯಿಂದ ಪೂರಕ ಹೇಳಿಕೆ ತರಿಸಿ ಕೊಂಡ ಬೆಲೆ ಸರಿ ಮಾಡಿದ ಮೇಲೆ ಲಾಭ ಅನ್ನೋದು ಹೆಚ್ಚುಕಡಿಮೆ ಮಾಯವಾಯಿತು. ಒಂದೇ ಆದಾಯಕ್ಕೆ ಎರಡು ಸಲ ತೆರಿಗೆ ಕಟ್ಟುವವರು ಎಷ್ಟು ಜನ ಇದ್ದಾರೋ!

ಷೇರು ವ್ಯವಹಾರ ಜಾಸ್ತಿ ಇದ್ದು ದಾಖಲೆ ಸುಮಾರು 85 ದಾಟಿದರೆ ಆನ್‌ಲೈನ್‌ನಲ್ಲಿ ಟ್ರಾನ್ಸ್‌ಕ್ರಿಪ್ಟ್ ಬರೋದೇ ಇಲ್ಲ, ಟ್ರಾನ್ಸ್‌ಕ್ರಿಪ್ಟ್ ಕೋರುವ ಫಾರ್ಮ್ 4506-ಟಿ ಕಳಿಸಬೇಕು. ಈಗಷ್ಟೇ ಮುಗಿದ ವರ್ಷದ್ದಾದರೆ ಕಾಯಬೇಕು. ಫೆಬ್ರವರಿಯಲ್ಲಿ ನೋಡಿದರೆ ಅರ್ಧಂಬರ್ಧ, ಬೇಸಿಗೆ ಹೊತ್ತಿಗೆ ತುಂಬಿಕೊಳ್ಳುತ್ತೆ.

ಮತ್ತೆ ಊರಿನ ಆದಾಯ. ಎನ್‌ಆರ್‌ಒ ಬಡ್ಡಿ, ಮನೆ ಬಾಡಿಗೆ, ಎನ್‌ಆರ್‌ಇ ಠೇವಣಿ ಇವು ಯಾವುದೂ ಅಲ್ಲಿ ಕಾಣಲ್ಲ. ಭಾರತದಲ್ಲಿ ಎನ್‌ಆರ್‌ಇ ಬಡ್ಡಿಗೆ ತೆರಿಗೆ ಇಲ್ಲ ಅಂತ ಕ್ಲೈಂಟ್ ವಾದ ಮಾಡುತ್ತಾರೆ. ಇಲ್ಲಿ ಇದೆ. ವಿದೇಶಿ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಮ್ಮೆಯಾದರೂ 10,000 ಡಾಲರ್ ದಾಟಿದ್ದರೆ ಎಫ್‌ಬಾರ್ (ವಿದೇಶಿ ಖಾತೆಗಳ ವರದಿ) ಕೂಡ ಹಾಕಬೇಕು. ನೀವು ಬಾಯಿಬಿಟ್ಟು ಕೇಳದಿದ್ದರೆ ಅವರಾಗಿ ಹೇಳಲ್ಲ.

ಉತ್ತರ: ಬೆಂಗಳೂರಿನಿಂದ ಅಮೆರಿಕದ ರಿಟರ್ನ್ ಕೆಲಸ ಮಾಡುವವರು

ಮೇಡಂ ಅಥವಾ ಸರ್, ಮುಂದೆ ನಮ್ಮಂಥವರಿಗೆ ಕೆಲಸ ಕೊಡುವ ಯೋಚನೆ ಇದ್ದರೆ ಇದೊಂದು ಗಮನಿಸಿ. ನಿಮಗೆ ಸಿಕ್ಕ 2848 ನಮಗೆ ಅನುಮತಿ ಅಲ್ಲ. ಟ್ರಾನ್ಸ್‌ಕ್ರಿಪ್ಟ್ ಅಮೆರಿಕದಿಂದ ಹೊರಗೆ ಬರಬೇಕಾದರೆ ಅಮೆರಿಕದ ತೆರಿಗೆ ಕಾನೂನಿನ 7216ನೇ ಸೆಕ್ಷನ್ ಪ್ರಕಾರ ಕ್ಲೈಂಟ್‌ನ ಲಿಖಿತ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದೆ ಕಳಿಸೋದು ಕ್ರಿಮಿನಲ್ ತಪ್ಪು. ಸೋಷಿಯಲ್ ಸೆಕ್ಯುರಿಟಿ ನಂಬರ್ ಅಳಿಸಿ ಕಳಿಸೋದೇ ಕ್ಷೇಮ. ನಿಮ್ಮ ಇ-ಸರ್ವಿಸಸ್ ಪಾಸ್‌ವರ್ಡ್ ಕೊಟ್ಟು "ನೀವೇ ತೆಗೆದುಕೊಳ್ಳಿ" ಅನ್ನೋದಂತೂ ಬೇಡವೇ ಬೇಡ. ಹಾಗೆ ಹೇಳುವವರು ಇದ್ದಾರೆ, ಅದಕ್ಕೇ ಬರೆದೆ.

ಕೇಳಿದವರು

ತುಂಬಾ ಥ್ಯಾಂಕ್ಸ್. 8821 ಎರಡು ಮಾಡಿಸುತ್ತೇನೆ. ಆದರೆ ಹೆಂಡತಿ ಈಗ ಮೈಸೂರಿನಲ್ಲಿದ್ದಾರೆ. ಆನ್‌ಲೈನ್ ಖಾತೆ ತೆರೆಯೋಕೆ ಅವರಿಗೆ ಆಗುತ್ತಿಲ್ಲ. ಸಹಿ ಹೇಗೆ?

ಉತ್ತರ: ಟೆಕ್ಸಾಸ್‌ನ ಎನ್‌ರೋಲ್ಡ್ ಏಜೆಂಟ್

ಎಲೆಕ್ಟ್ರಾನಿಕ್ ಸಹಿ ಹಾಕಿಸಿ ಅಪ್‌ಲೋಡ್ ಮಾಡಿ. ಹೊಸ ಕ್ಲೈಂಟ್, ಎದುರಿಗೆ ಇಲ್ಲ ಅಂದಮೇಲೆ ಗುರುತು ಖಚಿತ ಮಾಡಿಕೊಳ್ಳುವ ಹೊಣೆ ನಿಮ್ಮದೇ. ವಿಡಿಯೋ ಕಾಲ್‌ನಲ್ಲಿ ಪಾಸ್‌ಪೋರ್ಟ್ ಹಿಡಿಸಿ ಮುಖಕ್ಕೆ ಹೋಲಿಸಿ ನೋಡಿ. ಹೆಸರು, ವಿಳಾಸ, ಹುಟ್ಟಿದ ದಿನಾಂಕ, ನಂಬರ್ ಬರೆದುಕೊಳ್ಳಿ. ಹಳೆಯ ರಿಟರ್ನ್ ಅಥವಾ ಐಆರ್‌ಎಸ್ ಪತ್ರದ ಜೊತೆ ತಾಳೆ ಮಾಡಿ. ಇದೆಲ್ಲ ಮಾಡಿದ್ದಕ್ಕೆ ಫೈಲಿನಲ್ಲಿ ಒಂದು ಟಿಪ್ಪಣಿ ಇರಲಿ.

ಮುಂದೆ 2848 ಹಾಕಿದಿರಿ ಅಂದುಕೊಳ್ಳಿ. ಕೆಲಸ ಮುಗಿದು ಕ್ಲೈಂಟ್ ಬೇರೆಯವರ ಹತ್ತಿರ ಹೋದರೆ, ಅದರ ಮೊದಲ ಪುಟದ ಮೇಲೆ ಹಿಂಪಡೆದಿದ್ದೇನೆ ಅಂತ ಇಂಗ್ಲಿಷಿನಲ್ಲಿ ಬರೆದು, ಸಹಿ, ತಾರೀಖು ಹಾಕಿ ಕಳಿಸಿಬಿಡಿ. ಇಲ್ಲದಿದ್ದರೆ ಅವರ ನೋಟಿಸ್ ಪ್ರತಿಗಳು ನಿಮ್ಮ ಅಂಚೆ ಡಬ್ಬಿಗೆ ಬರುತ್ತಲೇ ಇರುತ್ತವೆ.